ಶೀತವೋ, ನ್ಯುಮೋನಿಯಾವೋ? ಮೂಗು ಬಿಡಿ, ಉಸಿರು ನೋಡಿ

ಪ್ರಶ್ನೆ: ನಾವಿರುವುದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಮಳೆ ಬಿಟ್ಟಿಲ್ಲ. ಮೊದಲು ಮಗನಿಗೆ ಶೀತ ಬಂತು, ಅವನಿಂದ ಅತ್ತೆಗೆ. ಮಗನಿಗೆ 4 ವರ್ಷ. ಮೊದಲೆರಡು ದಿನ ಜ್ವರ ಇತ್ತು, ಈಗಿಲ್ಲ. ಆದರೆ ಮೂಗಿನಿಂದ ಹಸಿರು ಸಿಂಬಳ. ರಾತ್ರಿ ಮಲಗಿದಾಗ ಎದೆಯಲ್ಲಿ ಗೊರಗೊರ ಸದ್ದು. ಹಗಲು ಆಡಿಕೊಂಡಿರುತ್ತಾನೆ, ಊಟ ಮಾತ್ರ ಅರ್ಧಕ್ಕರ್ಧ. ಶೀತ ಎದೆಗೆ ಇಳಿದಿದೆ, ನ್ಯುಮೋನಿಯಾ ಆಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಅತ್ತೆಗೆ 68 ವರ್ಷ, ಶುಗರ್ ಮತ್ತು ಬಿಪಿ ಇದೆ. ಅವರ ಶೀತ ಐದು ದಿನಕ್ಕೆ ವಾಸಿಯಾದ ಹಾಗಿತ್ತು. ಮೊನ್ನೆಯಿಂದ ಮತ್ತೆ ಕೆಮ್ಮು, ಒಮ್ಮೆ ಚಳಿ ಬಂದು ನಡುಗಿದರು. ಜ್ವರ ನೋಡಿದರೆ 99 ಅಷ್ಟೇ. ಉಸಿರೆಳೆದರೆ ಬಲ ಪಕ್ಕೆ ಹಿಡಿದುಕೊಳ್ಳುತ್ತದೆ ಎನ್ನುತ್ತಾರೆ. ಊಟ ಬೇಡ, ಸುಮ್ಮನೆ ಮಲಗಿರುತ್ತಾರೆ. ನಿನ್ನೆ ಮೊಮ್ಮಗನನ್ನು ನನ್ನ ಗಂಡನ ಹೆಸರಿನಿಂದ ಕರೆದರು. ಯಾವಾಗಲೂ 160ರ ಹತ್ತಿರ ಇರುವ ಶುಗರ್ 280 ತೋರಿಸಿತು. ಮೆಡಿಕಲ್ ಶಾಪ್‌ನವರು ಇಬ್ಬರಿಗೂ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರು. ಅತ್ತೆ ಮೂರು ದಿನದ ಕೋರ್ಸ್ ಮುಗಿಸಿದ್ದಾರೆ, ಮಗನಿಗೆ ಇನ್ನೂ ಹಾಕಿಲ್ಲ. ಮಗನಿಗೆ ಎಕ್ಸ್‌ರೇ ಮಾಡಿಸಲೇ? ಮುಂದೆ ಹೀಗಾಗದಂತೆ ಲಸಿಕೆ ಏನಾದರೂ ಇದೆಯೇ?

ಉತ್ತರ: ನೀವು ಮಗನ ಬಗ್ಗೆ ಕೇಳಿದ್ದೀರಿ. ನನಗೆ ಚಿಂತೆಯಾಗಿದ್ದು ನಿಮ್ಮ ಅತ್ತೆಯ ಬಗ್ಗೆ. ಅವರನ್ನು ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಪ್ರಶ್ನೆ ಓದಿದ ತಕ್ಷಣ ನಿಮಗೆ ಹೇಳಿ ಕಳಿಸಿದ್ದೆ. ಯಾಕೆ ಅಷ್ಟು ಅವಸರ ಮಾಡಿದೆ, ಮಗನ ವಿಷಯದಲ್ಲಿ ಯಾಕೆ ಮಾಡಲಿಲ್ಲ ಎಂಬುದನ್ನು ಈಗ ವಿವರವಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಇದೇ ಗೊಂದಲ ಹೊತ್ತು ಬರುವವರು ತುಂಬಾ ಜನ. ಸಿಂಬಳದ ಬಣ್ಣ ನೋಡಿ ಹೆದರುತ್ತಾರೆ, ಏದುಸಿರು ಕಣ್ಣಿಗೇ ಬಿದ್ದಿರುವುದಿಲ್ಲ.

ಮೊದಲು ಶೀತ ಎಂದರೇನು ನೋಡೋಣ. ಮೂಗು, ಗಂಟಲು ನಮ್ಮ ಉಸಿರಿನ ಮನೆಯ ಜಗಲಿ, ಶ್ವಾಸಕೋಶ ಒಳಮನೆ. ಶೀತದ ವೈರಸ್ಸು, ಹೆಚ್ಚಿನ ಸಲ ರೈನೋವೈರಸ್, ಜಗಲಿಯಲ್ಲೇ ಗಲಾಟೆ ಮಾಡಿ ಹೊರಟು ಹೋಗುತ್ತದೆ. ಎರಡು ಮೂರನೇ ದಿನಕ್ಕೆ ಜೋರಾಗಿರುತ್ತದೆ, ವಾರ ಹತ್ತು ದಿನಕ್ಕೆ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಬರುವುದು ಮಾಮೂಲು. ಅಂಗನವಾಡಿ, ಎಲ್‌ಕೆಜಿ ಶುರುವಾದ ವರ್ಷವಂತೂ ಒಂದು ಮುಗಿಯುವುದರೊಳಗೆ ಇನ್ನೊಂದು ಹಿಡಿದಿರುತ್ತದೆ. 'ನನ್ನ ಮಗುವಿಗೆ ತಿಂಗಳುಗಟ್ಟಲೆ ಶೀತ ಬಿಟ್ಟೇ ಇಲ್ಲ' ಎನ್ನುವ ತಾಯಂದಿರ ಕಥೆ ಹೆಚ್ಚಾಗಿ ಇದೇ.

ನ್ಯುಮೋನಿಯಾ ಒಳಮನೆಯ ಕಾಯಿಲೆ. ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ಗಾಳಿಚೀಲಗಳಲ್ಲಿ ಕೀವು, ನೀರು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ದಾಟುವ ಜಾಗವೇ ಅದು. ಅಲ್ಲಿ ಅಡ್ಡಿಯಾದರೆ ದೇಹ ಮೊದಲು ಮಾಡುವ ಕೆಲಸ ಬೇಗ ಬೇಗ ಉಸಿರಾಡುವುದು. ಅದಕ್ಕೇ ಸ್ಟೆತಸ್ಕೋಪ್ ಇಲ್ಲದವರೂ ಹಿಡಿಯಬಹುದಾದ ಒಳ್ಳೆಯ ಸುಳಿವು ಉಸಿರಿನ ಲೆಕ್ಕ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ಕಲಿಸುವುದೂ ಇದನ್ನೇ.

ಈಗ ನಿಮ್ಮ ಮಗ. ಹಸಿರು ಸಿಂಬಳ ಎಂದರೆ ಬ್ಯಾಕ್ಟೀರಿಯಾ, ಆ್ಯಂಟಿಬಯೋಟಿಕ್ ಬೇಕೇ ಬೇಕು ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ ಡಾಕ್ಟರುಗಳಲ್ಲೂ ಅದು ಪೂರ್ತಿ ಹೋಗಿಲ್ಲ. ವೈರಸ್ಸಿನ ಜೊತೆ ಹೊಡೆದಾಡಲು ಬಂದ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವ ಇರುತ್ತದೆ. ಆ ಕಣಗಳು ಸತ್ತು ಸಿಂಬಳದಲ್ಲಿ ಸೇರಿದಾಗ ಬಣ್ಣ ಬರುತ್ತದೆ. ನೀರಿನಂತಿದ್ದ ಸಿಂಬಳ ಮೂರ್ನಾಲ್ಕು ದಿನಕ್ಕೆ ಹಳದಿ, ಹಸಿರಾಗಿ, ಆಮೇಲೆ ಒಣಗುವುದು ಸಾಮಾನ್ಯ ಶೀತದ ನಡೆಯೇ. ಹತ್ತು ದಿನ ದಾಟಿದರೂ ಒಂಚೂರೂ ಇಳಿಯದೆ ಹೋದರೆ, ಅಥವಾ ಜೋರು ಜ್ವರ, ಮುಖದ ನೋವಿನ ಜೊತೆ ಬಂದರೆ ಆಗ ಸೈನಸ್ ಬಗ್ಗೆ ಯೋಚಿಸುತ್ತೇವೆ.

ಗೊರಗೊರ ಸದ್ದಿನ ವಿಷಯ. ಮಕ್ಕಳ ಎದೆಗೂಡು ತೆಳು. ಮೂಗಿನ ಹಿಂದೆ, ಗಂಟಲಲ್ಲಿ ಕಟ್ಟಿದ ಕಫದ ಸದ್ದೇ ಎದೆ, ಬೆನ್ನಿನವರೆಗೂ ಕೈಗೆ ತಾಕುವಷ್ಟು ಕೇಳಿಸುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿ. ಅವನ ಬೆನ್ನಿನ ಮೇಲೆ ಅಂಗೈ ಇಡಿ, ಗೊರಗೊರ ಗೊತ್ತಾಗಲಿ. ಆಮೇಲೆ ಎಬ್ಬಿಸಿ ಮೂಗಿಗೆ ಸಲೈನ್ ಹನಿ ಹಾಕಿ, ಸಿಂಬಳ ಸೀನಿಸಿ, ಎರಡು ಗುಟುಕು ಬಿಸಿ ನೀರು ಕುಡಿಸಿ. ಮತ್ತೆ ಕೈ ಇಟ್ಟರೆ ಸದ್ದು ಹೋಗಿದೆ ಅಥವಾ ಜಾಗ ಬದಲಾಯಿಸಿದೆ ಎಂದರೆ ಅದು ಜಗಲಿಯ ಸದ್ದು. ಸುಯ್ ಸುಯ್ ಎಂದು ಸಿಳ್ಳೆಯಂತೆ ಕೇಳಿಸಿ, ಉಸಿರು ಬಿಡಲು ಕಷ್ಟಪಡುತ್ತಿದ್ದರೆ ಅದು ಬೇರೆ, ಅಸ್ತಮಾದ ಕಡೆ ನೋಡಬೇಕು.

ಆಮೇಲೆ ಉಸಿರು ಎಣಿಸಿ. ಮಗು ಅಳುತ್ತಿರಬಾರದು, ಆಡಿ ಬಂದ ತಕ್ಷಣ ಬೇಡ, ಸುಡು ಜ್ವರ ಇರುವಾಗಲೂ ಬೇಡ. ನಿದ್ದೆಯಲ್ಲಿದ್ದರೆ ಒಳ್ಳೆಯದು. ಅಂಗಿ ಎತ್ತಿ, ಹೊಟ್ಟೆ ಎದೆ ಎರಡೂ ಕಾಣುವಂತೆ ದೀಪ ಹಾಕಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು ಹೊಟ್ಟೆ ಎಷ್ಟು ಸಲ ಮೇಲೇಳುತ್ತದೆ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಶಾರ್ಟ್‌ಕಟ್ ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಜಾಸ್ತಿ ಬಂದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದು. ನಿಮ್ಮ ಮಗನ ಗೆರೆ 40.

ಎಣಿಸುವಾಗಲೇ ಪಕ್ಕೆಯ ಕೆಳತುದಿಯನ್ನೂ ಗಮನಿಸಿ. ಉಸಿರು ಒಳಗೆ ಎಳೆದಾಗ ಎದೆ ಉಬ್ಬಬೇಕು. ಬದಲು ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಪ್ರತಿ ಉಸಿರಿಗೂ ಮೂಗಿನ ಹೊಳ್ಳೆ ಅರಳುತ್ತಿದ್ದರೆ, ನರಳಿದ ಹಾಗೆ ಸದ್ದು ಮಾಡುತ್ತಿದ್ದರೆ, ತುಟಿ ನೀಲಿಯಾದರೆ, ನೀರೂ ಕುಡಿಯಲಾಗದೆ ಜೋಲು ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಮ್ಮ ಉತ್ತರ ಕರ್ನಾಟಕದ ಕೆಲವು ಕಡೆ ಇಂಥ ಕೂಸುಗಳ ಮೈಮೇಲೆ ಬರೆ ಹಾಕುವುದು ಇನ್ನೂ ನಿಂತಿಲ್ಲ. ಸುಟ್ಟ ಗಾಯಕ್ಕೆ ಸೋಂಕು ಸೇರಿಕೊಳ್ಳುತ್ತದೆ, ಆಸ್ಪತ್ರೆಗೆ ಬರುವುದು ತಡವಾಗುತ್ತದೆ. ಇಷ್ಟು ಬಿಟ್ಟರೆ ಅದರಿಂದ ಸಿಗುವುದೇನೂ ಇಲ್ಲ.

ನೀವು ಬರೆದಿದ್ದರಲ್ಲಿ ಮಗನ ಜ್ವರ ಹೋಗಿದೆ, ಆಡುತ್ತಿದ್ದಾನೆ, ಸ್ವಲ್ಪವಾದರೂ ತಿನ್ನುತ್ತಿದ್ದಾನೆ. ದಿನದಿಂದ ದಿನಕ್ಕೆ ಹಾದಿ ಇಳಿಮುಖ. ಉಸಿರಿನ ಲೆಕ್ಕವೂ 40ರ ಕೆಳಗಿದ್ದರೆ ಎಕ್ಸ್‌ರೇ ಬೇಡ, ಅಜಿತ್ರೋಮೈಸಿನ್ನೂ ಬೇಡ. ಹಾಕಿಲ್ಲ ಎಂದಿದ್ದೀರಿ, ಒಳ್ಳೆಯದಾಯಿತು. ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಹೊಟ್ಟೆ ಕೆಡಿಸಬಹುದು, ಮೈಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಔಷಧಿ ಅಭ್ಯಾಸವಾಗಿಬಿಡುತ್ತದೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವುದನ್ನು ನೋಡಿರಬಹುದು, ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಎಂದು ಅದರ ಅರ್ಥ. ಕೌಂಟರಿನಲ್ಲಿ ಆ ಗೆರೆಗೆ ಯಾರೂ ಮರ್ಯಾದೆ ಕೊಡುತ್ತಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ವಿಷಯ.

ಕೆಮ್ಮಿನ ಸಿರಪ್ ಕೂಡ ಬೇಡ. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಎರಡೂ ಸೇರಿದ ಶೀತದ ಔಷಧಿಯನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್‌ನಿಂದ ಮಕ್ಕಳ ಕಿಡ್ನಿ ಹಾಳಾಗಿ ಸತ್ತಿದ್ದು ನೆನಪಿರಬೇಕು ಅಲ್ವಾ? ನಿಮ್ಮ ಮಗನ ವಯಸ್ಸಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಸಾಕು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಬಾರದು, ಬಾಟುಲಿಸಂ ಎಂಬ ಅಪರೂಪದ ಆದರೆ ಕೆಟ್ಟ ಕಾಯಿಲೆ ಬರಬಹುದು. ದೊಡ್ಡಪತ್ರೆ ರಸ, ತುಳಸಿ, ಮೆಣಸು ಶುಂಠಿಯ ಕಷಾಯ ಹದವಾಗಿ ಕೊಟ್ಟರೆ ನನ್ನ ತಕರಾರಿಲ್ಲ. ಗಂಟಲಿಗೆ ಹಿತ, ಮೈಗೆ ನೀರೂ ಹೋಗುತ್ತದೆ. ವೈರಸ್ಸನ್ನು ಓಡಿಸುತ್ತದೆ ಎಂದು ಮಾತ್ರ ಹೇಳಲಾರೆ. ಹಬೆ ಬೇಡವೇ ಬೇಡ. ಕುದಿಯುವ ನೀರಿನ ಪಾತ್ರೆ ಮಗುವಿನ ತೊಡೆ ಮೇಲೆ ಮಗುಚಿಕೊಳ್ಳಲು ಒಂದು ಕ್ಷಣ ಸಾಕು. ಕರ್ಪೂರವನ್ನು ಎಣ್ಣೆಗೆ ಹಾಕಿ ತಿಕ್ಕುವವರಿದ್ದಾರೆ. ಅದು ಮಕ್ಕಳ ಬಾಯಿಗೆ ಹೋದರೆ ಫಿಟ್ಸ್ ಬರಬಹುದು.

ಮೊಸರು, ಬಾಳೆಹಣ್ಣು ಕೊಟ್ಟಿದ್ದಕ್ಕೇ ಹೀಗಾಯಿತು ಎಂದು ನಿಮ್ಮನ್ನು ಯಾರಾದರೂ ಬೈದಿದ್ದರೆ ತಲೆಗೆ ಹಾಕಿಕೊಳ್ಳಬೇಡಿ. ಶೀತ ಬರುವುದು ಶೀತ ಇರುವ ಇನ್ನೊಬ್ಬರಿಂದ. ಮಳೆಯಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತೇವೆ, ಅದೇ ದೊಡ್ಡ ಕಾರಣ.

ಇನ್ನು ಅತ್ತೆಯ ವಿಷಯ. ಇಲ್ಲಿ ನಿಧಾನವಾಗಿ ಓದಿ.

ಅವರ ಕಾಯಿಲೆಯ ಹಾದಿ ನೋಡಿ. ಶೀತ ಬಂತು, ಐದು ದಿನಕ್ಕೆ ಇಳಿಯಿತು, ಮತ್ತೆ ಏರಿತು. ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಈ ಎರಡನೇ ಏರಿಕೆಗೆ. ನಮ್ಮ ಉಸಿರಿನ ಕೊಳವೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಕಫ, ಧೂಳು, ರೋಗಾಣು ಎಲ್ಲವನ್ನೂ ಸತತವಾಗಿ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ವೈರಸ್ಸು ಆ ಪದರವನ್ನು ಹಾಳು ಮಾಡಿ ಹೋಗಿರುತ್ತದೆ. ಗಂಟಲಲ್ಲಿ ತೆಪ್ಪಗೆ ಕೂತಿದ್ದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಆಗ ಕೆಳಗಿಳಿಯುತ್ತದೆ. ಹಾಗಾಗಿ 'ಶೀತ ಎದೆಗೆ ಇಳಿಯಿತು' ಎಂಬ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹೆಚ್ಚಿನ ಶೀತಗಳು ಇಳಿಯುವುದಿಲ್ಲ. ಇಳಿದವು ಹಸಿರು ಸಿಂಬಳ ತೋರಿಸಿ ಇಳಿಯುವುದಿಲ್ಲ.

ಜ್ವರ 99 ಎಂದು ನೀವು ಸಮಾಧಾನ ಮಾಡಿಕೊಂಡಿದ್ದೀರಿ. ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ನ್ಯುಮೋನಿಯಾ ಜೋರಾಗಿದ್ದರೂ ಮೈ ಕಾಯದೇ ಇರಬಹುದು. ಜ್ವರ ಬರಿಸುವಷ್ಟು ಶಕ್ತಿಯೂ ದೇಹಕ್ಕೆ ಇರುವುದಿಲ್ಲ. ಅವರಲ್ಲಿ ಸುಳಿವು ಬೇರೆ ಕಡೆ ಸಿಗುತ್ತದೆ. ಊಟ ಬಿಡುತ್ತಾರೆ. ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಹಗಲು ರಾತ್ರಿ ಗೊತ್ತಾಗುವುದಿಲ್ಲ, ಹೆಸರು ತಪ್ಪುತ್ತದೆ. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವುದು ಯಾವ ಅಜ್ಜಿಯಾದರೂ ಒಮ್ಮೊಮ್ಮೆ ಮಾಡುವುದೇ. ಆದರೆ ಮಂಕಾಗಿ ಮಲಗಿರುವ, ಊಟ ಬಿಟ್ಟಿರುವ ಅಜ್ಜಿ ಹಾಗೆ ಕರೆದರೆ ಅದನ್ನು ವಯಸ್ಸಿನ ಮರೆವು ಎಂದು ತಳ್ಳಿಹಾಕಬಾರದು. 160 ಇದ್ದ ಶುಗರ್ 280 ಆಗಿದ್ದೂ ಸುಮ್ನೆ ಅಲ್ಲ. ಮೈಯಲ್ಲಿ ಸೋಂಕು ಜೋರಾದಾಗ ಶುಗರ್ ಏರುತ್ತದೆ. ಬೆಲ್ಲ ಹಾಕಿದ ಕಷಾಯವನ್ನೇನಾದರೂ ದಿನಕ್ಕೆ ಮೂರು ಸಲ ಕೊಡುತ್ತಿದ್ದರೆ ಅದರ ಪಾಲೂ ಸ್ವಲ್ಪ ಇರಬಹುದು! ಒಮ್ಮೆ ಮೈ ಅಲುಗಾಡುವಷ್ಟು ನಡುಗಿದ್ದು, ಉಸಿರೆಳೆದಾಗ ಒಂದೇ ಪಕ್ಕೆಯಲ್ಲಿ ಚುಚ್ಚುವುದು ಇವೆರಡೂ ಶ್ವಾಸಕೋಶದ ಒಂದು ಭಾಗ ಕೆಟ್ಟಿದೆ ಎನ್ನುತ್ತವೆ.

ಅಜಿತ್ರೋಮೈಸಿನ್ ಮುಗಿಸಿದ್ದಾರಲ್ಲ, ಇನ್ನೇನು ಎಂದು ಕೇಳಬಹುದು. ಆ ಮಾತ್ರೆಗೆ ಬಗ್ಗದ ನ್ಯುಮೋಕಾಕಸ್‌ಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಕೋರ್ಸ್ ಮುಗಿದರೂ ಹದಗೆಡುತ್ತಿದ್ದಾರೆ ಎಂದರೆ ಅಂಗಡಿಯಿಂದ ಇನ್ನೊಂದು ಸ್ಟ್ರಿಪ್ ತರುವ ಹೊತ್ತಲ್ಲ ಅದು. ಅದರಲ್ಲೂ ಲೆವೋಫ್ಲಾಕ್ಸಾಸಿನ್ ಥರದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಹಾಗೇ ನುಂಗಿಸಬೇಡಿ. ಒಳಗೆ ಕ್ಷಯ ಇದ್ದರೆ ಅದನ್ನು ಅರೆಬರೆ ಅಡಗಿಸಿ, ಪರೀಕ್ಷೆಯಲ್ಲಿ ಸಿಗದಂತೆ ಮಾಡಿಬಿಡುತ್ತವೆ. ಶುಗರ್ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. 'ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ' ಎಂಬ ಒತ್ತಾಯವೂ ಬೇಡ. ಕೆಲವು ಕಡೆ ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಎರಡು ದಿನ ಹಾಯೆನಿಸುತ್ತದೆ, ಶುಗರ್ 400 ಮುಟ್ಟಬಹುದು, ಒಳಗಿನ ಸೋಂಕು ಹಾಗೇ ಇರುತ್ತದೆ. ಮೂಗು ಬಿಡಿಸುವ ಶೀತದ ಮಾತ್ರೆಗಳು ಬಿಪಿ ಏರಿಸುತ್ತವೆ ಎಂಬುದೂ ಗೊತ್ತಿರಲಿ.

ಹಿರಿಯರ ಉಸಿರು ಎಣಿಸುವುದಕ್ಕೂ ಒಂದು ಜಾಣತನ ಬೇಕು. 'ಉಸಿರು ಎಣಿಸುತ್ತೇನೆ' ಎಂದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು ಕೂತು, ಕಣ್ಣು ಮಾತ್ರ ಎದೆಯ ಮೇಲಿಡಿ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 25ರ ಹತ್ತಿರ ಬಂದರೆ ಅವತ್ತೇ ತೋರಿಸಿ. 30 ಆದರೆ ತುರ್ತು. ರಕ್ತದ ಆಮ್ಲಜನಕ ಅಳೆಯಲು ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಬೀರುವಿನಲ್ಲಿ ಇದ್ದರೆ ಬ್ಯಾಟರಿ ಬದಲಾಯಿಸಿ ಬಳಸಿ. ಐದು ನಿಮಿಷ ಕೂರಿಸಿ, ಕೈ ಬೆಚ್ಚಗೆ ಮಾಡಿ, ಉಗುರಿನ ಬಣ್ಣ ತೆಗೆದು, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. 94 ಅಥವಾ ಕಡಿಮೆ ಇದ್ದರೆ ಆಸ್ಪತ್ರೆ, 90ಕ್ಕೆ ಇಳಿದರೆ ಆಂಬ್ಯುಲೆನ್ಸ್. ಹಳೆಯ ದಮ್ಮಿನ ಕಾಯಿಲೆ ಇರುವವರ ಅಂಕಿ ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ, ಅವರ ಡಾಕ್ಟರು ಹೇಳಿದ ಗೆರೆಯನ್ನು ಇಟ್ಟುಕೊಳ್ಳಬೇಕು. ಒಂದು ಎಚ್ಚರಿಕೆ: 97 ಬಂತು ಎಂದ ಮಾತ್ರಕ್ಕೆ ನ್ಯುಮೋನಿಯಾ ಇಲ್ಲ ಎಂದಲ್ಲ. ಶುರುವಿನಲ್ಲಿ ದೇಹ ವೇಗವಾಗಿ ಉಸಿರಾಡಿ ಅಂಕಿಯನ್ನು ಉಳಿಸಿಕೊಂಡಿರುತ್ತದೆ. ಉಸಿರು, ಅಂಕಿ ಎರಡನ್ನೂ ಒಟ್ಟಿಗೆ ನೋಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಕಿಡ್ನಿ, ಶುಗರ್. ಜೊತೆಗೆ ಕಫ ಪರೀಕ್ಷೆಗೂ ಕೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ. ಎಕ್ಸ್‌ರೇಯಲ್ಲಿ ಮೊದಲ ದಿನ ಏನೂ ಕಾಣದೇ ಇರುವುದೂ ಉಂಟು, ಆಗ ಡಾಕ್ಟರು ಎದೆಯ ಸದ್ದು ಮತ್ತು ರೋಗಿಯ ಸ್ಥಿತಿ ನೋಡಿಯೇ ಚಿಕಿತ್ಸೆ ಶುರು ಮಾಡುತ್ತಾರೆ. ಮನೆಗೆ ಕಳಿಸಬೇಕೋ, ಸೇರಿಸಿಕೊಳ್ಳಬೇಕೋ ಎಂದು ತೀರ್ಮಾನಿಸಲು ನಾವು ನಾಲ್ಕು ವಿಷಯ ನೋಡುತ್ತೇವೆ. ಮನಸ್ಸು ಗೊಂದಲವಾಗಿದೆಯೇ, ಉಸಿರು 30 ಮುಟ್ಟಿದೆಯೇ, ಬಿಪಿ ಇಳಿದಿದೆಯೇ, ವಯಸ್ಸು 65 ದಾಟಿದೆಯೇ. ಒಂದೂ ಇಲ್ಲದವರು ಮಾತ್ರೆ ತೆಗೆದುಕೊಂಡು ಮನೆಯಲ್ಲೇ ಇರಬಹುದು. ನಿಮ್ಮ ಅತ್ತೆಗೆ ವಯಸ್ಸಿನದೊಂದು ಇದ್ದೇ ಇದೆ, ಗೊಂದಲದ್ದೂ ಸೇರಿದರೆ ಎರಡು. ಜೊತೆಗೆ ಶುಗರ್.

ಹಾಗಾಗಿ ಸೇರಿಸಿ ಎಂದೇ ನನ್ನ ಮಾತು. ಆಸ್ಪತ್ರೆಯ ವಾಸಕ್ಕೂ ಅದರದೇ ಕಷ್ಟಗಳಿವೆ, ಗೊತ್ತು. ಹೊಸ ಜಾಗದಲ್ಲಿ ವಯಸ್ಸಾದವರಿಗೆ ರಾತ್ರಿ ಗೊಂದಲ ಇನ್ನೂ ಜಾಸ್ತಿಯಾಗಬಹುದು, ಮಲಗೇ ಇದ್ದರೆ ಕಾಲಿನ ಶಕ್ತಿ ಹೋಗುತ್ತದೆ, ಮನೆಯವರ ಕೆಲಸ ನಿಲ್ಲುತ್ತದೆ. ಪರಿಚಿತರೊಬ್ಬರು ಹಾಸಿಗೆ ಪಕ್ಕ ಇದ್ದು, ಕನ್ನಡಕ ಹಾಕಿಸಿ, ದಿನಕ್ಕೆರಡು ಸಲ ಎಬ್ಬಿಸಿ ಕೂರಿಸಿದರೆ ಇದರಲ್ಲಿ ಅರ್ಧ ತಪ್ಪುತ್ತದೆ. ಮನೆಯಲ್ಲೇ ಇಟ್ಟುಕೊಂಡರೆ ಅಪಾಯ ರಾತ್ರಿಯದು. ಎರಡು ಗಂಟೆಗೆ ಆಮ್ಲಜನಕ ಇಳಿದರೆ, ಮಳೆಯಲ್ಲಿ, ನಿಮ್ಮ ಊರಿನ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು ನೀವೇ ಲೆಕ್ಕ ಹಾಕಿ.

ವಾಸಿಯಾದ ಮೇಲೂ ಕೆಮ್ಮು, ಸುಸ್ತು ಕೆಲವು ವಾರ ಇರುತ್ತದೆ. ಎಕ್ಸ್‌ರೇಯ ನೆರಳು ಕರಗಲು ಆರು ವಾರ ಹಿಡಿಯಬಹುದು, ಮೂರು ದಿನಕ್ಕೊಂದು ಎಕ್ಸ್‌ರೇ ತೆಗೆಸಿ ಕೊರಗಬೇಡಿ. ಆರು ವಾರದ ಮೇಲೆ ಒಂದು ತೆಗೆಸಿ, ಸಾಕು. ಮನೆಯಲ್ಲಿ ಯಾರಿಗೇ ಆಗಲಿ, ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ ಕಫ ಪರೀಕ್ಷೆ ಮಾಡಿಸಲೇಬೇಕು.

ಫ್ಲೂ ಬಗ್ಗೆ ಒಂದು ಮಾತು. ಶೀತ ಮೆಲ್ಲಗೆ ಬರುತ್ತದೆ, ಫ್ಲೂ ಗಂಟೆಗಳಲ್ಲಿ ಕೆಡವುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದವರು ಮಧ್ಯಾಹ್ನ ಚಳಿಜ್ವರ, ಮೈಕೈ ನೋವಿನಿಂದ ಹಾಸಿಗೆ ಹಿಡಿದಿರುತ್ತಾರೆ. ಗರ್ಭಿಣಿಯರು, 65 ದಾಟಿದವರು, ಶುಗರ್, ಹೃದಯ, ಅಸ್ತಮಾ ಇರುವವರು ಹಾಗಾದರೆ 48 ಗಂಟೆಯೊಳಗೆ ತೋರಿಸಬೇಕು. ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಆ ಹೊತ್ತಿನಲ್ಲೇ. ಇನ್ನು ಜೋರು ಜ್ವರ ಇದ್ದು ಶೀತ, ಕೆಮ್ಮು ಏನೂ ಇಲ್ಲ ಎಂದರೆ ಅದು ಈ ಗುಂಪಿನದೇ ಅಲ್ಲ. ಮಳೆಗಾಲದಲ್ಲಿ ಡೆಂಗಿ, ಬೇಸಿಗೆಯಲ್ಲಿ ನಿಮ್ಮ ಕಡೆ ಕಾಡಿಗೆ ಹೋಗಿ ಬಂದವರಿಗೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಬೇಕು.

ಕೊನೆಗೆ ಲಸಿಕೆ. ಸಾಮಾನ್ಯ ಶೀತಕ್ಕೆ ಇಲ್ಲ, ನ್ಯುಮೋನಿಯಾ ತರುವ ಕೆಲವು ಮುಖ್ಯ ರೋಗಾಣುಗಳಿಗೆ ಇದೆ. ಮಗನ ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋಕಾಕಸ್ ತಡೆಯುವ ಲಸಿಕೆಗೆ ಪಿಸಿವಿ ಎಂದು ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು ಒಂಬತ್ತು ತಿಂಗಳಿಗೆ ಮೂರು ಗುರುತು ಇರಬೇಕು, ಐದು ಕಾಯಿಲೆ ತಡೆಯುವ ಪೆಂಟಾವೇಲೆಂಟ್‌ಗೂ ಮೂರು. ಪಿಸಿವಿಯನ್ನು ಸರ್ಕಾರ 2021ರಲ್ಲಿ ದೇಶದ ಎಲ್ಲ ಕಡೆಗೂ ವಿಸ್ತರಿಸಿತು. ಯಾವುದಾದರೂ ತಪ್ಪಿಹೋಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಮಕ್ಕಳ ಡಾಕ್ಟರ ಹತ್ತಿರ ಕೇಳಿ. ಅತ್ತೆಗೆ ನ್ಯುಮೋಕಾಕಸ್ ಲಸಿಕೆ ಮತ್ತು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಎರಡೂ ಬೇಕು. ದೊಡ್ಡವರಿಗೆ ಇವನ್ನು ಸಾಮಾನ್ಯವಾಗಿ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು, ನ್ಯುಮೋಕಾಕಸ್‌ನದು ತುಸು ದುಬಾರಿ. ಈಗಲೇ ಬೇಡ. ಈ ಕಾಯಿಲೆ ಪೂರ್ತಿ ಇಳಿದ ಮೇಲೆ, ಆರು ವಾರದ ಎಕ್ಸ್‌ರೇಗೆ ಹೋದಾಗ ಕೇಳಿ ಹಾಕಿಸಿ. ಫ್ಲೂ ಲಸಿಕೆಯನ್ನು ಮುಂದಿನ ವರ್ಷದಿಂದ ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಮೇ ಹೊತ್ತಿಗೆ ಮುಗಿಸಿಕೊಳ್ಳಿ.